ನಮ್ಮ ಮಕ್ಕಳಲ್ಲಿ ದಡ್ಡರು ಯಾರು?

ಜೂನ್ ತಿಂಗಳಿನಲ್ಲಿ ಶಾಲೆಗಳು ತೆರೆಯುತ್ತವೆ. ದೀಪಾವಳಿಯ ಹೊತ್ತಿಗೆ ಮೊದಲ ಪರೀಕ್ಷೆಯ ಪ್ರಗತಿಪತ್ರಗಳು ಮನೆಗೆ ಬರುತ್ತವೆ. ಆ ದಿನಗಳಲ್ಲಿ ಮುಂಬಯಿ, ಠಾಣೆ, ಪುಣೆಗಳ ಚಾಳುಗಳಲ್ಲಿ ಕನ್ನಡಿಗ ತಂದೆತಾಯಿಗಳ ಬಾಯಿಂದ ಒಂದು ಮಾತು ಕೇಳಿಬರುವುದುಂಟು: “ನಮ್ಮ ಹುಡುಗನ ತಲೆಗೆ ವಿದ್ಯೆ ಹತ್ತುವುದಿಲ್ಲ. ಹತ್ತನೆಯದರವರೆಗೆ ಹೇಗಾದರೂ ಎಳೆದು, ಆಮೇಲೆ ಹೋಟೆಲಿಗೆ ಹಾಕುವುದೇ ಸರಿ.” ಹೋಟೆಲಿನ ಕೆಲಸವನ್ನು ಕೀಳೆಂದು ಬಗೆಯುವವರು ನಾವಲ್ಲ, ಆ ಅನ್ನವನ್ನುಂಡೇ ಬೆಳೆದವರು ನಾವು. ಆದರೆ ವಿದ್ಯೆ ಹತ್ತುವುದಿಲ್ಲವೆಂದು ತೀರ್ಪು ಕೊಡುವ ಮೊದಲು, ಏಕೆ ಹತ್ತುವುದಿಲ್ಲವೆಂದು ವಿಚಾರಿಸಿದವರು ಎಷ್ಟು ಮಂದಿ? ಗ್ರೈಂಡರು ತಿರುಗದಿದ್ದರೆ ತಂತಿ ನೋಡುತ್ತೇವೆ, ಬೆಲ್ಟು ನೋಡುತ್ತೇವೆ, ಮಿಸ್ತ್ರಿಯನ್ನು ಕರೆಯುತ್ತೇವೆ. ಮಗುವಿನ ವಿಷಯದಲ್ಲಿ ಮಾತ್ರ ಮೊದಲ ದಿನವೇ ಕೈ ಎತ್ತುತ್ತೇವೆ. ಕೆಲವರು ಕೈಯನ್ನೇ ಎತ್ತುತ್ತಾರೆ.

ಮಗುವೇ ಶಾಲೆಗೆ ಹೊಂದಿಕೊಳ್ಳಬೇಕೋ, ಶಾಲೆಯೂ ಮಗುವಿಗೆ ಸ್ವಲ್ಪ ಹೊಂದಿಕೊಳ್ಳಬೇಕೋ ಎಂಬ ಪ್ರಶ್ನೆ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಕಳೆದ ಶತಮಾನದಲ್ಲಿ ನಮ್ಮ ಸಂಘಸಂಸ್ಥೆಗಳು ಫೋರ್ಟ್ ಮುಂತಾದ ಕಡೆಗಳಲ್ಲಿ ರಾತ್ರಿ ಶಾಲೆಗಳನ್ನು ತೆರೆದುದು ಏತಕ್ಕಾಗಿ? ಹಗಲಿಡೀ ಲೋಟ ತೊಳೆದು, ಮೇಜು ಒರೆಸಿ ಬಂದ ಹುಡುಗನು ಬೆಳಗಿನ ಶಾಲೆಗೆ ಹೋಗಲಾರನೆಂದು ಶಾಲೆಯನ್ನೇ ರಾತ್ರಿಗೆ ತಂದರು. ಹಗಲು ಕಚೇರಿಗಳಲ್ಲಿ ದುಡಿದ ಗುಮಾಸ್ತರು ಸಂಜೆ ಅಲ್ಲಿ ಮಾಸ್ತರರಾದರು. ನಿದ್ದೆ ತೂಗುವ ಹುಡುಗನನ್ನು ಸೋಮಾರಿಯೆನ್ನದೆ, ಮುಖ ತೊಳೆದು ಬಾ ಎಂದು ಕಳುಹಿಸಿ, ಬಿಟ್ಟಲ್ಲಿಂದ ಪಾಠವನ್ನು ಮುಂದುವರಿಸಿದರು. ಅಂಥ ಶಾಲೆಗಳಿಂದ ವಕೀಲರು, ಬ್ಯಾಂಕಿನ ಅಧಿಕಾರಿಗಳು, ಹೋಟೆಲಿನ ಧಣಿಗಳು ಹೊರಬಂದುದನ್ನು ನಮ್ಮ ವಾಚಕರು ಬಲ್ಲರು. ಹುಡುಗರ ಅಗತ್ಯವನ್ನು ನೋಡಿ ಶಾಲೆಯ ವೇಳೆಯನ್ನೇ ಬದಲಿಸಿದ ಸಮಾಜ ನಮ್ಮದು. ಈಗಿನ ಮಕ್ಕಳ ಅಗತ್ಯಗಳು ಬೇರೆ. ಅವು ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಮೊತ್ತಮೊದಲು ನೋಡಬೇಕಾದುದು ಕಣ್ಣು ಮತ್ತು ಕಿವಿ. ಇದು ಅತಿ ಸಾಮಾನ್ಯವಾದ ಮಾತು. ಅದರಿಂದಲೇ ಮರೆತುಹೋಗುವ ಮಾತು. ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿಗೆ ಹಲಗೆಯ ಮೇಲಿನ ಅಕ್ಷರ ಮಸಕಾಗಿ ಕಂಡರೆ, ಎಲ್ಲರಿಗೂ ಹಾಗೆಯೇ ಕಾಣುವುದೆಂದು ಅದು ತಿಳಿದಿರುತ್ತದೆ, ದೂರು ಹೇಳುವುದಿಲ್ಲ. ಮಳೆಗಾಲದಲ್ಲಿ ಪದೇ ಪದೇ ಶೀತವಾಗಿ ಕಿವಿ ಸೋರುವ ಮಗುವಿಗೆ ಮಾಸ್ತರರ ಅರ್ಧ ಮಾತು ಕೇಳಿಸಿರುವುದಿಲ್ಲ. ಕರೆದರೆ ತಿರುಗುವುದಿಲ್ಲವೆಂದು ಅದಕ್ಕೆ ಹಟಮಾರಿಯೆಂಬ ಹೆಸರು ಬೀಳುತ್ತದೆ. ಕಣ್ಣಿನ ತಪಾಸಣೆ ಯಾವ ಮುನಿಸಿಪಲ್ ಆಸ್ಪತ್ರೆಯಲ್ಲಾದರೂ ನಡೆಯುತ್ತದೆ. ಕಿವಿ ಮತ್ತು ಮಾತಿನ ಪರೀಕ್ಷೆಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಹೆಸರಿನ ಕೇಂದ್ರ ಸರಕಾರದ ಸಂಸ್ಥೆ 1983ರಿಂದ ಇದೆ. ಊರಿಗೆ ಹೋದಾಗ ತೋರಿಸಬಯಸುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯುಂಟು. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಎರಡನೆಯದು ಭಾಷೆಯ ತೊಡಕು. ನಮ್ಮ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕುಂದಾಪುರದ ಕನ್ನಡವನ್ನೋ ಆಡುತ್ತದೆ, ಓಣಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಐದು ವರ್ಷ ಅಜ್ಜಿಯ ಬಳಿ ಊರಿನಲ್ಲಿ ಬೆಳೆದು, ಮೂರನೆಯ ತರಗತಿಗೆ ಮುಂಬಯಿಗೆ ಬಂದ ಹುಡುಗಿ ಆರು ತಿಂಗಳು ತುಟಿ ಬಿಚ್ಚದಿದ್ದರೆ ಅದನ್ನು ಬುದ್ಧಿಯ ಕೊರತೆಯೆನ್ನಲಾದೀತೇ? ಅವಳಿಗೆ ಬೇಕಾದುದು ಔಷಧವಲ್ಲ, ಸಮಯ. ಮತ್ತು ಮೊದಮೊದಲು ಅವಳ ಮಾತಿನಲ್ಲಿಯೇ ಅರ್ಥ ಹೇಳುವ ಒಂದು ಬಾಯಿ. ಮುಂಬಯಿ ಮಹಾನಗರ ಪಾಲಿಕೆಯು ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿರುವುದರ ಹಿಂದೆ ಈ ತಿಳಿವಳಿಕೆಯೇ ಇದೆ. ಆ ಕನ್ನಡ ಶಾಲೆಗಳ ಬೆಂಚುಗಳನ್ನು ಬರಿದು ಮಾಡುತ್ತಿರುವವರು ನಾವೇ ಎಂಬುದು ಬೇರೆಯೇ ಒಂದು ಲೇಖನದ ವಿಷಯ.

ಕಣ್ಣು ಸರಿಯಿದೆ, ಕಿವಿ ಸರಿಯಿದೆ, ಭಾಷೆಯೂ ಬಂದಿದೆ, ಮಾತು ಚುರುಕಾಗಿದೆ. ಆದರೂ ಓದಲು ಕೊಟ್ಟರೆ ಅಕ್ಷರಗಳು ನಿಲ್ಲುವುದಿಲ್ಲ. ಇಂಥ ಮಕ್ಕಳ ಸಂಗತಿಯೇ ಮೂರನೆಯದು, ಅತ್ಯಂತ ಕಠಿಣವಾದುದು. ಇದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಹೆಸರು. ಓದಿನ ತೊಡಕಿಗೆ ಡಿಸ್ಲೆಕ್ಸಿಯಾ, ಬರಹದ ತೊಡಕಿಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. 2007ರಲ್ಲಿ ಬಂದ ‘ತಾರೇ ಜಮೀನ್ ಪರ್’ ಎಂಬ ಹಿಂದಿ ಚಿತ್ರವನ್ನು ನೋಡಿದವರಿಗೆ ಈ ಮಾತು ಅಪರಿಚಿತವಲ್ಲ. ಚಿತ್ರ ನೋಡಿ ಕಣ್ಣೊರೆಸಿಕೊಂಡು ಬಂದವರೇ ಮನೆಯಲ್ಲಿ ಮಗನಿಗೆ ಬೆತ್ತ ಹಿಡಿದುದನ್ನೂ ನಾವು ಕಂಡಿದ್ದೇವೆ.

ಮುಂಬಯಿಯ ಮಗು ಎರಡು ಮೂರು ಲಿಪಿಗಳನ್ನು ಒಟ್ಟಿಗೇ ಹೊರಬೇಕು ಎಂಬುದನ್ನು ಗಮನಿಸತಕ್ಕುದು. ಇಂಗ್ಲಿಷಿನಲ್ಲಿ ‘ಬಿ’ ಮತ್ತು ‘ಡಿ’ ಎಂಬ ಸಣ್ಣಕ್ಷರಗಳು ಒಂದಕ್ಕೊಂದು ಕನ್ನಡಿಯೊಳಗಿನ ಬಿಂಬದಂತಿವೆ. ನಾಗರಿಯಲ್ಲಿ ‘ಘ’ ಮತ್ತು ‘ಧ’ಗಳ ನಡುವೆ ಇರುವುದು ಕೂದಲೆಳೆಯ ಅಂತರ, ಅಲ್ಲಿ ‘ಕಿ’ ಎಂದು ಬರೆಯುವಾಗ ಇಕಾರದ ಗುರುತನ್ನು ವ್ಯಂಜನಕ್ಕಿಂತ ಮೊದಲು ಹಾಕಬೇಕು, ಓದುವಾಗ ಆಮೇಲೆ ಓದಬೇಕು. ನಮ್ಮ ಕನ್ನಡದಲ್ಲಿ ಬ-ಭ, ದ-ಧಗಳ ಹೊಟ್ಟೆಯ ಸೀಳು, ಕಾಗುಣಿತದ ಕೊಂಬು, ಕೆಳಗೆ ತೂಗುವ ಒತ್ತಕ್ಷರ. ಇಷ್ಟನ್ನೂ ಅರೆಕ್ಷಣದಲ್ಲಿ ಬಿಡಿಸುವ ಶಕ್ತಿ ಹೆಚ್ಚಿನ ಮಕ್ಕಳಿಗೆ ತಾನಾಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಹನ್ನೆರಡು ಮೇಜುಗಳ ಆರ್ಡರನ್ನು ಬರೆದುಕೊಳ್ಳದೆ ನೆನಪಿಟ್ಟು, ಯಾರಿಗೆ ಸಕ್ಕರೆ ಕಡಿಮೆ, ಯಾರಿಗೆ ಚಟ್ನಿ ಬೇಡ ಎಂಬುದನ್ನೂ ತಪ್ಪದೆ ತಂದಿಡುತ್ತಿದ್ದ ಮಾಣಿಗಳನ್ನು ನಾವು ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ನೋಡಿದ್ದೇವೆ. ಅವರಲ್ಲಿ ಕೆಲವರಿಗೆ ಊರಿಗೆ ನಾಲ್ಕು ಸಾಲಿನ ಕಾಗದ ಬರೆಯಲಾಗುತ್ತಿರಲಿಲ್ಲ. ದಡ್ಡರೆಂದು ಶಾಲೆ ಬಿಡಿಸಿಕೊಂಡವರು ಅವರು!

ಒಂದು ಎಚ್ಚರಿಕೆ. ಆರು ವರ್ಷದ ಮಗು ಅಕ್ಷರ ತಿರುವು ಮುರುವಾಗಿ ಬರೆದರೆ ಗಾಬರಿಯಾಗಬೇಕಿಲ್ಲ. ಆ ವಯಸ್ಸಿನಲ್ಲಿ ಅದು ಸಹಜ. ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮೂರನೆಯ ತರಗತಿ ಅಥವಾ ಎಂಟನೆಯ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಶಿಕ್ಷಕರೇ ಮಕ್ಕಳನ್ನು ಪರಿಶೀಲಿಸಬೇಕೆಂದು ಹೇಳಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಕ್ರಮವನ್ನೇ ದೇಶದ ಅನೇಕ ಕಡೆ ಇದಕ್ಕೆ ಬಳಸುತ್ತಾರೆ. ಇನ್ನೊಂದು ಮಾತು: ಇದನ್ನು ಗುಣಪಡಿಸುವ ಗುಳಿಗೆಯಿಲ್ಲ. ಜ್ಞಾಪಕಶಕ್ತಿಯ ಲೇಹ್ಯ, ಮಂತ್ರಿಸಿದ ದಾರ, ದುಬಾರಿ ಟ್ಯೂಶನ್ನು, ಇವುಗಳಿಗೆ ಹಣ ಸುರಿಯುವ ಬಂಧುಗಳು ದಯವಿಟ್ಟು ನಿಲ್ಲಿಸಬೇಕು. ತರಬೇತಿ ಪಡೆದ ಶಿಕ್ಷಕರು ವರ್ಷಗಟ್ಟಲೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕಲಿಸುವುದೊಂದೇ ಇದಕ್ಕೆ ಮಾರ್ಗ.

ದೋಸೆಕಲ್ಲಿನ ಮುಂದೆ ಹದಿನೆಂಟು ವರ್ಷಗಳಿಂದ ನಿಂತ ಬಂಧುವೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಬಂದಿದ್ದರು. ಆರನೆಯ ತರಗತಿಯ ಮಗನ ನೋಟುಬುಕ್ಕು ಕೈಯಲ್ಲಿತ್ತು. “ಧಣಿ, ಬಾಯಲ್ಲಿ ಕೇಳಿದರೆ ಇವನಿಗೆ ಎಲ್ಲಾ ಬರುತ್ತದೆ. ಬರೆಯಲು ಹೇಳಿದರೆ ಹೊಟ್ಟೆನೋವು ಅನ್ನುತ್ತಾನೆ. ಹೊಡೆದೂ ಆಯಿತು,” ಎಂದರು. ನೋಟುಬುಕ್ಕಿನ ಪ್ರತಿ ಪುಟದಲ್ಲಿಯೂ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ’ ಎಂಬ ಒಂದೇ ಮಾತು. “ಹೊಡೆಯುವುದನ್ನು ಬಿಡಿ ಮಾರಾಯರೇ, ಮೊದಲು ಆಸ್ಪತ್ರೆಗೆ ತೋರಿಸಿ,” ಎಂದು ನಾವು ಹೇಳಿಕಳುಹಿಸಿದೆವು. ಪರೀಕ್ಷೆಗಳು ಒಂದೇ ದಿನಕ್ಕೆ ಮುಗಿಯುವಂಥವಲ್ಲ. ಕಣ್ಣಿನವರು, ಕಿವಿಯವರು, ಮಕ್ಕಳ ಡಾಕ್ಟರು, ಮನಃಶಾಸ್ತ್ರಜ್ಞರು, ಓದುಬರಹ ಪರೀಕ್ಷಿಸುವ ಶಿಕ್ಷಕರು, ಹೀಗೆ ಸರದಿ. ಒಂದೊಂದು ಸರದಿಗೂ ಒಂದು ದಿನದ ಪಗಾರ ಹೋಯಿತು. ನಾಲ್ಕನೆಯ ರಜೆ ಕೇಳಿದಾಗ ಬೇರೆ ಕೆಲಸ ನೋಡಿಕೋ ಎಂಬ ಮಾತೂ ಬಂತಂತೆ. ಕೊನೆಗೆ ಸರ್ಟಿಫಿಕೇಟು ಸಿಕ್ಕಿತು. ಅದನ್ನು ಹಿಡಿದು ಶಾಲೆಗೆ ಹೋದರೆ, ಇಂಥದೆಲ್ಲ ನಮ್ಮಲ್ಲಿ ನಡೆಯುವುದಿಲ್ಲವೆಂದು ಕಚೇರಿಯ ಕಿಟಕಿಯಿಂದಲೇ ಉತ್ತರ. ಆ ತಾಯಿ ಕಿಟಕಿ ಬಿಟ್ಟು ಕದಲದೆ ನಿಂತು, ಮುಖ್ಯೋಪಾಧ್ಯಾಯಿನಿಯವರನ್ನು ಕಂಡ ಮೇಲೆ ವಿಷಯ ತಿರುಗಿತು. ಹುಡುಗನನ್ನು ಮುಂದಿನ ಬೆಂಚಿಗೆ ತಂದರು; ವಿಜ್ಞಾನ ಮತ್ತು ಸಮಾಜ ಪಾಠಗಳ ಸಣ್ಣ ಪರೀಕ್ಷೆಗಳನ್ನು ಬಾಯಿಯಲ್ಲಿ ತೆಗೆದುಕೊಂಡರು; ಎಲ್ಲರೆದುರು ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಿದರು. ಪವಾಡವೇನೂ ನಡೆಯಲಿಲ್ಲ. ಅವನ ಬರಹ ಆಮೇಲೂ ನಿಧಾನ, ಕಾಗುಣಿತ ಆಮೇಲೂ ತಪ್ಪು. ಆದರೆ ಬೆಳಗಿನ ಹೊಟ್ಟೆನೋವು ಹೋಯಿತೆಂದು ತಂದೆ ಹೇಳಿದರು.

ಈ ವಿಷಯದಲ್ಲಿ ನಾವು ಯಾರ ಕೃಪೆಯನ್ನೂ ಬೇಡುತ್ತಿಲ್ಲ ಎಂಬುದನ್ನು ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದು ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಸರಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಎಂಬುದು ಆ ಕಾಯಿದೆಯ ಆಶಯ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇನ್ನೊಂದು ಆಸರೆ. ಊರಿನ ಶಾಲೆಯಿಂದ ವರ್ಗಾವಣೆ ಪತ್ರ ಬರಲು ತಡವಾಯಿತೆಂದೋ, ಜನನದ ದಾಖಲೆ ಇಲ್ಲವೆಂದೋ ಪ್ರವೇಶ ನಿರಾಕರಿಸಕೂಡದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಊರಿಗೂ ಮುಂಬಯಿಗೂ ಓಡಾಡುವ ನಮ್ಮವರಿಗೆ ಈ ಒಂದು ಕಲಮು ಕಂಠಪಾಠವಾಗಿರಬೇಕು.

2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯ ಹೊರಗಿಟ್ಟಿತು. ಮಹಾರಾಷ್ಟ್ರದಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ನಮ್ಮವರು ನಡೆಸುವ ಶಾಲೆಗಳ ಆಡಳಿತ ಮಂಡಳಿಗಳು ಈ ಮಾತನ್ನು ಮುಂದೊಡ್ಡಬಹುದು. ಆದರೆ 2016ರ ಕಾಯಿದೆ ಆ ತೀರ್ಪಿನ ವಿಷಯವಾಗಿರಲಿಲ್ಲ. ಕನ್ನಡದ ಹೆಸರಿನಲ್ಲಿ ಹಣ ಕೂಡಿಸಿ ಕಟ್ಟಿದ ಕಟ್ಟಡದಿಂದ ಕನ್ನಡದ ಮಗುವೊಂದು, ಫಲಿತಾಂಶದ ಶೇಕಡಾವಾರು ಕೆಡುತ್ತದೆಂಬ ಕಾರಣಕ್ಕೆ ಒಂಬತ್ತನೆಯ ತರಗತಿಯಲ್ಲಿ ಹೊರಬೀಳುವುದಾದರೆ, ವಾರ್ಷಿಕೋತ್ಸವದ ವೇದಿಕೆಯಿಂದ ಮಾಡುವ ಭಾಷಣಗಳಿಗೆ ಏನು ಬೆಲೆ?

ಪರೀಕ್ಷೆಯ ರಿಯಾಯಿತಿಗಳಲ್ಲಿ ಮಹಾರಾಷ್ಟ್ರ ಹಳೆಯ ಪಳಗಿದ ರಾಜ್ಯ. 1996ರ ಸುಮಾರಿನಿಂದಲೇ ಇಲ್ಲಿ ಕಲಿಕಾ ನ್ಯೂನತೆಯ ಮಕ್ಕಳಿಗೆ ಅವು ದೊರೆಯತೊಡಗಿದವು. ಹೆಚ್ಚಿನ ವೇಳೆ, ಉತ್ತರ ಬರೆದುಕೊಡುವ ಸಹಾಯಕ, ಕಾಗುಣಿತದ ತಪ್ಪಿಗೆ ಅಂಕ ಕಡಿಯದಿರುವುದು, ಒಂದು ಭಾಷೆಯ ಬದಲು ಬೇರೆ ವಿಷಯ, ಹೀಗೆ ಹಲವು ವಿಧ. ಬೋರ್ಡಿನಿಂದ ಬೋರ್ಡಿಗೆ ನಿಯಮ ಬೇರೆ. ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚಿಗೆ ಸಲ್ಲಬೇಕು. ಇದು ಅನ್ಯಾಯವಲ್ಲವೇ, ಉಳಿದ ಮಕ್ಕಳ ಗತಿಯೇನು ಎಂದು ಕೇಳುವವರುಂಟು. ಕನ್ನಡಕ ಹಾಕಿಕೊಂಡು ಪರೀಕ್ಷೆಗೆ ಕುಳಿತವನನ್ನು ಯಾರೂ ಹಾಗೆ ಕೇಳುವುದಿಲ್ಲ.

ಉಪಾಧ್ಯಾಯರ ಕಷ್ಟವನ್ನೂ ನಾವು ಬಲ್ಲೆವು. ಐವತ್ತು ಮಕ್ಕಳ ತರಗತಿ, ಮುಗಿಸಬೇಕಾದ ಪಾಠ, ಮೇಲೆ ಚುನಾವಣೆ ಮತ್ತು ಗಣತಿಯ ಕೆಲಸ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತಕ್ಕೊಬ್ಬರು, ಮೇಲಿನ ಹಂತಗಳಲ್ಲಿ ಹದಿನೈದಕ್ಕೊಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಹೇಳಿತು. ಅಂಥವರ ನೇಮಕವನ್ನು ಸರಕಾರಗಳಿಂದ ಕೇಳಿ ಪಡೆಯಬೇಕು. ಅಷ್ಟರವರೆಗೆ, ಹಲಗೆಯಿಂದ ನಕಲು ಮಾಡುವ ಬದಲು ಟಿಪ್ಪಣಿಯ ಝೆರಾಕ್ಸ್ ಕೊಡುವುದಕ್ಕೂ, ಪ್ರಶ್ನೆಯನ್ನು ಒಮ್ಮೆ ಓದಿ ಹೇಳುವುದಕ್ಕೂ, ಹತ್ತು ಲೆಕ್ಕದ ಬದಲು ಐದು ಕೊಡುವುದಕ್ಕೂ ಯಾವ ಮಂಜೂರಾತಿಯೂ ಬೇಕಾಗಿಲ್ಲ.

ಹೋಟೆಲಿನ ಧಣಿಗಳಲ್ಲಿ ನಮ್ಮದೊಂದು ಬೇಡಿಕೆ. ನಾವೂ ಆ ಕುರ್ಚಿಯಲ್ಲಿ ಕುಳಿತು ಬಂದವರಾದುದರಿಂದ ಸಲಿಗೆಯಿಂದ ಕೇಳುತ್ತೇವೆ. ಕೆಲಸಗಾರನು ಮಗುವನ್ನು ಇಂಥ ತಪಾಸಣೆಗೆ ಕರೆದೊಯ್ಯುವ ನಾಲ್ಕೈದು ದಿನಗಳಿಗೆ ಪಗಾರ ಕಡಿಯಬೇಡಿ. ಸಂಕ್ರಾಂತಿಯಂದು ಎಳ್ಳುಬೆಲ್ಲ ಹಂಚುವ ಖರ್ಚಿಗಿಂತ ಅದು ಹೆಚ್ಚಾಗದು. ನಮ್ಮ ಸಂಘಗಳವರು ವಿದ್ಯಾರ್ಥಿವೇತನವನ್ನು ತೊಂಬತ್ತರ ಮೇಲೆ ಅಂಕ ಪಡೆದವರಿಗೆ ಮಾತ್ರ ಹಂಚುತ್ತ ಬಂದಿದ್ದಾರೆ. ಅದರಲ್ಲಿ ಒಂದು ಪಾಲನ್ನು ವಿಶೇಷ ಶಿಕ್ಷಕರ ಶುಲ್ಕಕ್ಕಾಗಿ ತೆಗೆದಿಡಲಿ.

ತಂದೆತಾಯಿಗಳು ಮಾಡಬೇಕಾದುದು ಇಷ್ಟು. ಮಗುವಿನ ಎರಡು ವರ್ಷದ ಪ್ರಗತಿಪತ್ರಗಳು, ತಪ್ಪುಗಳು ಕಾಣುವ ಒಂದೆರಡು ನೋಟುಬುಕ್ಕುಗಳು, ಶಾಲೆಯಿಂದ ಒಂದು ಚೀಟಿ, ಆಧಾರ್ ಕಾರ್ಡು, ಇವನ್ನು ಒಂದು ಚೀಲದಲ್ಲಿ ಇಟ್ಟುಕೊಳ್ಳಿರಿ. ಮುಂಬಯಿಯಲ್ಲಿರುವವರು ಸಾಯನ್ನಿನ ಲೋಕಮಾನ್ಯ ತಿಲಕ್ ಮುನಿಸಿಪಲ್ ಆಸ್ಪತ್ರೆಯಲ್ಲಿ ಕಲಿಕಾ ನ್ಯೂನತೆಯ ವಿಭಾಗವನ್ನು ವಿಚಾರಿಸಬಹುದು. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುವುದೆಂದು ಕೇಳಿ, ಮನೆಯ ಮಾತು ಯಾವುದೆಂಬುದನ್ನು ಮರೆಯದೆ ಹೇಳಿರಿ. ಹತ್ತನೆಯ ತರಗತಿಯ ಡಿಸೆಂಬರಿನಲ್ಲಿ ಓಡಿದರೆ ಪ್ರಯೋಜನವಿಲ್ಲ. ಸರದಿ ದೊಡ್ಡದು, ಬೋರ್ಡಿಗೆ ಕಾಗದಪತ್ರಗಳು ಮೊದಲೇ ಹೋಗಬೇಕು. ಐದು ಅಥವಾ ಆರನೆಯ ತರಗತಿಯ ದೀಪಾವಳಿ ರಜೆಯೇ ಇದಕ್ಕೆ ತಕ್ಕ ಕಾಲ. ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಸಂಜೆ ಬಂದರೆ, ಬರೆದುಕೊಡಲು ನಾವಿದ್ದೇವೆ.