ಹಾಸಿಗೆ ಎಣಿಸಿದರೆ ಸಾಲದು

ಪುಣೆಯ ಜಿಲ್ಲಾ ನ್ಯಾಯಾಲಯ ಇರುವುದು ಶಿವಾಜಿನಗರದಲ್ಲಿ. ಅಲ್ಲಿ ಮೆಟ್ರೋ ಹತ್ತಿ ಮುಳಾ-ಮುಠಾ ನದಿ ದಾಟಿದರೆ ಯೆರವಡಾ. 2,540 ಹಾಸಿಗೆಗಳ ಸರಕಾರಿ ಮನೋರೋಗ ಆಸ್ಪತ್ರೆ ಇರುವುದು ಅಲ್ಲೇ. ಕೋರ್ಟಿಗೂ ಇಂಥ ಆಸ್ಪತ್ರೆಗಳಿಗೂ ನಂಟು ಹಳೆಯದು. ಮನೋರೋಗಿಗಳ ಕುರಿತ 1912ರ ಕಾಯ್ದೆಯಲ್ಲೂ 1987ರ ಕಾಯ್ದೆಯಲ್ಲೂ ಒಪ್ಪದ ರೋಗಿಯನ್ನು ಒಳಗೆ ಸೇರಿಸಲು ಮ್ಯಾಜಿಸ್ಟ್ರೇಟರ ಆದೇಶ ಒಂದು ದೊಡ್ಡ ದಾರಿಯಾಗಿತ್ತು. ಒಳಹೋದವರ ಹೆಸರು ವಹಿಯಲ್ಲಿ ಸೇರುತ್ತಿತ್ತು. ಅವರು ಯಾವಾಗ ಹೊರಬಂದರು, ಬಂದು ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಪ್ರಶ್ನೆ ಕೇಳಲೆಂದೇ ಪರಿಶೀಲನಾ ಮಂಡಳಿಗಳನ್ನು ತಂದಿತು. ತಾನಾಗಿ ಒಪ್ಪುವ ಸ್ಥಿತಿಯಲ್ಲಿಲ್ಲದವರನ್ನು ಸೇರಿಸಿಕೊಂಡರೆ ಆಸ್ಪತ್ರೆ 7 ದಿನದೊಳಗೆ ಮಂಡಳಿಗೆ ತಿಳಿಸಬೇಕು. ಹೆಂಗಸರು, ಅಪ್ರಾಪ್ತರಾದರೆ 3 ದಿನ. ಮಂಡಳಿಯಲ್ಲಿ ನ್ಯಾಯಾಧೀಶರು, ವೈದ್ಯರ ಜೊತೆಗೆ ಕಾಯಿಲೆ ಅನುಭವಿಸಿದವರಿಗೂ ಆರೈಕೆ ಮಾಡಿದವರಿಗೂ ಜಾಗವಿದೆ. ಕುಡಿತ, ಮಾದಕವಸ್ತುಗಳಿಂದ ಹುಟ್ಟುವ ಮನೋಸ್ಥಿತಿಗಳೂ ಇದೇ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ‘ಕುಡಿತ ಬಿಡಿಸುತ್ತೇವೆ’ ಎಂದು ಬೋರ್ಡು ಹಾಕಿ ಜನರನ್ನು ಕೂಡಿಹಾಕುವವರಿಗೆ ಇದು ಗೊತ್ತಿರಲಿ.

ಕಾಗದದ ಮೇಲೆ ಎಲ್ಲ ಸರಿ. ಆದರೆ ಇದೇ ಕಾಯ್ದೆಯಡಿ ಮಹಾರಾಷ್ಟ್ರದಲ್ಲಿ 2018ರಲ್ಲಿ ರಚನೆಯಾದ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ವರ್ಷಗಟ್ಟಲೆ ಸಭೆಯನ್ನೇ ಸೇರಿರಲಿಲ್ಲ ಎಂಬುದು 2022ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಯಲಾಯಿತು. ಕಾಯ್ದೆ ಹೇಳುವುದು ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ. ಕಾವಲಿಗೆ ಕೂತವರನ್ನು ಕಾಯುವವರು ಯಾರು?

ಒಳಹೊಕ್ಕು ನೋಡುವ ಕೆಲಸಕ್ಕೆ ಒಂದು ಒಳ್ಳೆಯ ಮಾದರಿ ನಮ್ಮವರದೇ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪರವಾಗಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಎಸ್.ಎಂ. ಚನ್ನಬಸವಣ್ಣ ಮತ್ತು ಸಂಗಡಿಗರು ದೇಶದ ಮನೋರೋಗ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಕೊಟ್ಟರು. ಔಷಧಿಯಷ್ಟೇ ಅಲ್ಲ, ಊಟ, ಶೌಚಾಲಯ, ಬೀಗ ಹಾಕಿದ ಕೋಣೆ ಎಲ್ಲವೂ ಅದರ ಕಣ್ಣಿಗೆ ಬಿದ್ದವು.

ಆಸ್ಪತ್ರೆಗೆ ಬಾರದೇ ಉಳಿದವರ ಲೆಕ್ಕವೇ ಬೇರೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮದ್ಯವ್ಯಸನಕ್ಕೆ ಸಿಲುಕಿದವರ ಪೈಕಿ ಚಿಕಿತ್ಸೆ ಸಿಗದವರು ಸುಮಾರು ಶೇ. 86. ಆ 12ರಲ್ಲಿ ಕರ್ನಾಟಕವೂ ಇಲ್ಲ, ಮಹಾರಾಷ್ಟ್ರವೂ ಇಲ್ಲ! 2019ರ ಏಮ್ಸ್ ವರದಿಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ.

ಇದಕ್ಕೆ ಒಂದು ಕಾರಣ ಮನೆ ಎರಡಾಗಿರುವುದು. ಮನಸ್ಸಿನ ಕಾಯಿಲೆ ಆರೋಗ್ಯ ಸಚಿವಾಲಯದ್ದು, ಸಹಾಯವಾಣಿ 14416. ಸರಕಾರದ ನೆರವಿನ ವ್ಯಸನಮುಕ್ತಿ ಕೇಂದ್ರಗಳಲ್ಲಿ ಬಹುಪಾಲು ಸಾಮಾಜಿಕ ನ್ಯಾಯ ಸಚಿವಾಲಯದ್ದು, ಸಹಾಯವಾಣಿ 14446. ಖಿನ್ನತೆಯೂ ಕುಡಿತವೂ ಕೂಡಿದ ಗಂಡನಿಗಾಗಿ ಹೆಂಡತಿ ಯಾವುದನ್ನು ಒತ್ತಬೇಕು?

ಯೆರವಡಾದ ಮನೋರೋಗ ಆಸ್ಪತ್ರೆಯ ಆವರಣದಲ್ಲೇ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ ಅವಚಟ್ ಶುರುಮಾಡಿದ ವ್ಯಸನಮುಕ್ತಿ ಕೇಂದ್ರ ಮುಕ್ತಾಂಗಣದಲ್ಲಿ ಈ ಎರಡು ಮನೆಗಳ ಗೋಡೆ ಇರಲಿಲ್ಲ. ಅಲ್ಲಿ ಮನೆಯವರೂ ಚಿಕಿತ್ಸೆಯ ಪಾಲುದಾರರು; ಬಿಡುಗಡೆಯಾದವರು ಮತ್ತೆ ಮತ್ತೆ ಬಂದು ಕೂರಬೇಕು. ಸರಕಾರದ ಅಳತೆಗೋಲು ಹಿಡಿಯಬೇಕಾದದ್ದೂ ಇಲ್ಲೇ: ಎಷ್ಟು ಜನ ಸೇರಿದರು ಎಂಬುದರ ಪಕ್ಕದಲ್ಲಿ, ಆರು ತಿಂಗಳ ನಂತರ ಎಷ್ಟು ಜನ ಸಂಪರ್ಕದಲ್ಲಿದ್ದಾರೆ ಎಂಬ ಇನ್ನೊಂದು ಕಾಲಂ.