ಲೀನಿಯರ್ ಆಕ್ಚುಯೇಟರ್: ಬಲ ಹೆಚ್ಚಿದ್ದರಷ್ಟೇ ಸಾಕೇ?

ಬಸ್ಸಿನ ಬಾಗಿಲು 'ಬುಸ್' ಎಂದು ತೆರೆದುಕೊಳ್ಳುತ್ತದೆ. ಜೆಸಿಬಿಯ ತೋಳು ಮಣ್ಣು ಎತ್ತುತ್ತದೆ. ಗುಂಡಿ ಒತ್ತಿದರೆ ಆಸ್ಪತ್ರೆಯ ಮಂಚದ ತಲೆಭಾಗ ನಿಧಾನವಾಗಿ ಮೇಲೇರುತ್ತದೆ. ಈ ಮೂರರ ಹಿಂದೆಯೂ ಇರುವುದು ನೇರವಾಗಿ ತಳ್ಳುವ, ಎಳೆಯುವ ಸಾಧನ. ಅದೇ ಲೀನಿಯರ್ ಆಕ್ಚುಯೇಟರ್. ಕಾರ್ಖಾನೆಗಳಲ್ಲಿ ಪೆಟ್ಟಿಗೆ ಸರಿಸಲು, ಬಿಡಿಭಾಗಗಳನ್ನು ಒತ್ತಿ ಕೂರಿಸಲು ಇದೇ ಬೇಕು.

ಬಸ್ಸಿನ ಬಾಗಿಲಿನದು ನ್ಯೂಮ್ಯಾಟಿಕ್ ಬಗೆ. ಒತ್ತಿ ತುಂಬಿದ ಗಾಳಿ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಜೆಸಿಬಿಯದು ಹೈಡ್ರಾಲಿಕ್, ಅಲ್ಲಿ ಗಾಳಿಯ ಬದಲು ಎಣ್ಣೆ. ಮಂಚದ್ದು ಎಲೆಕ್ಟ್ರಿಕ್, ಮೋಟಾರು ಒಂದು ಸ್ಕ್ರೂ ತಿರುಗಿಸುತ್ತದೆ, ಅದರ ಮೇಲಿನ ನಟ್ ಮುಂದೆ ಹಿಂದೆ ಸರಿಯುತ್ತದೆ.

ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ. 50 ಮಿ.ಮೀ. ವ್ಯಾಸದ ಸಿಲಿಂಡರಿಗೆ 6 ಬಾರ್ ಗಾಳಿ ಕೊಟ್ಟರೆ ಲೆಕ್ಕದ ಪ್ರಕಾರ ಸುಮಾರು 1,180 ನ್ಯೂಟನ್, ಅಂದರೆ 120 ಕಿಲೋ ಭಾರ ಎತ್ತುವಷ್ಟು ಬಲ. ಅದೇ ವ್ಯಾಸಕ್ಕೆ 160 ಬಾರ್ ಒತ್ತಡದ ಎಣ್ಣೆ ಕೊಟ್ಟರೆ 3 ಟನ್ನಿಗೂ ಹೆಚ್ಚು!

ಹಾಗಾದರೆ ಎಲ್ಲದಕ್ಕೂ ಹೈಡ್ರಾಲಿಕ್ಕೇ ಒಳ್ಳೆಯದಲ್ಲವೇ? ಅಲ್ಲ. ಎಣ್ಣೆ ಸೋರಿದರೆ ಆಹಾರ, ಔಷಧ ತಯಾರಿಸುವಲ್ಲಿ ಅದು ದೊಡ್ಡ ತೊಂದರೆ. ಗಾಳಿಯದು ಅಗ್ಗ, ವೇಗವೂ ಹೆಚ್ಚು. ಆದರೆ ಗಾಳಿ ಕುಗ್ಗುವುದರಿಂದ ನಡುದಾರಿಯಲ್ಲಿ ನಿಖರವಾಗಿ ನಿಲ್ಲಿಸುವುದು ಕಷ್ಟ. ಬೇಕಾದ ಜಾಗದಲ್ಲಿ ಕರಾರುವಾಕ್ಕಾಗಿ ನಿಲ್ಲಬೇಕಿದ್ದರೆ ಎಲೆಕ್ಟ್ರಿಕ್ ಸೂಕ್ತ.

ಎಲೆಕ್ಟ್ರಿಕ್ ಕೊಳ್ಳುವಾಗ 'ಡ್ಯೂಟಿ ಸೈಕಲ್' ನೋಡಲು ಮರೆಯಬೇಡಿ. ಅದು 25% ಇದ್ದರೆ, 10 ನಿಮಿಷದಲ್ಲಿ ಎರಡೂವರೆ ನಿಮಿಷ ಮಾತ್ರ ಓಡಬೇಕು, ಉಳಿದ ಹೊತ್ತು ಮೋಟಾರು ತಣಿಯಬೇಕು. ದಿನವಿಡೀ ಬಿಡುವಿಲ್ಲದೆ ದುಡಿಸಿದರೆ, ಬಲ ಎಷ್ಟೇ ಇದ್ದರೂ ಮೋಟಾರು ಸುಡುತ್ತದೆ.

ಭಾರವನ್ನು ಮೇಲೆತ್ತುವ ಕೆಲಸವಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕರೆಂಟು ಹೋದರೆ ಏನಾಗುತ್ತದೆ? ಬಾಲ್ ಸ್ಕ್ರೂ ಇರುವ ಆಕ್ಚುಯೇಟರಿನಲ್ಲಿ ಘರ್ಷಣೆ ತೀರಾ ಕಡಿಮೆ. ಹಾಗಾಗಿ ಮೋಟಾರು ನಿಂತೊಡನೆ ಭಾರವೇ ಸ್ಕ್ರೂವನ್ನು ಹಿಮ್ಮುಖ ತಿರುಗಿಸಿ ಕೆಳಗಿಳಿಯಬಹುದು. ಕೆಳಗೆ ಕೆಲಸಗಾರರ ಕೈ ಇದ್ದರೆ? ಅದಕ್ಕೇ ಅಲ್ಲಿ ಕರೆಂಟು ಹೋದಾಗ ತಾನಾಗಿ ಹಿಡಿಯುವ ಬ್ರೇಕ್ ಇರಲೇಬೇಕು. ಗಾಳಿಯ ಸಿಲಿಂಡರಿಗೂ ಅಷ್ಟೇ, ಒತ್ತಡ ಇಳಿದಾಗ ಭಾರ ಹಿಡಿದಿಡುವ ವ್ಯವಸ್ಥೆ ಬೇಕು.

ಎಷ್ಟು ಭಾರ, ಎಷ್ಟು ದೂರ, ಎಷ್ಟು ವೇಗ, ಎಷ್ಟು ನಿಖರತೆ, ಎಷ್ಟು ಹೊತ್ತು? ಈ ಐದನ್ನು ಮೊದಲು ಬರೆದುಕೊಳ್ಳಿ. ಜೊತೆಗೆ 'ಕರೆಂಟು ಹೋದರೆ?' ಎಂಬುದನ್ನೂ ಸೇರಿಸಿ. ಬೆಲೆ ಕೇಳುವುದು ಆಮೇಲೆ.