ಚೊಚ್ಚಲ ತಾಯಿಗೆ ಯಾವ ಪುಸ್ತಕ?

ಕೂಸನ್ನು ಸಾಕುವ ವಿದ್ಯೆಯು ನಮ್ಮಲ್ಲಿ ಬಹುಕಾಲ ಪುಸ್ತಕದ ವಿದ್ಯೆಯಾಗಿರಲಿಲ್ಲ. ಅದು ನೋಡಿ ಕಲಿಯುವ ವಿದ್ಯೆ. ತುಂಬಿದ ಮನೆಯಲ್ಲಿ ಅತ್ತಿಗೆಯೋ ಚಿಕ್ಕಮ್ಮನೋ ಹೆತ್ತು ಸಾಕುವುದನ್ನು ಕಂಡು ಬೆಳೆದ ಹುಡುಗಿಯು ತನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ಎಷ್ಟೋ ಕೂಸುಗಳನ್ನು ಎತ್ತಿ ಆಡಿಸಿರುತ್ತಿದ್ದಳು. ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂದು ಗುರುತಿಸಬಲ್ಲವಳಾಗಿರುತ್ತಿದ್ದಳು. ಈಗ ಸಂಸಾರಗಳು ಚಿಕ್ಕವಾಗಿವೆ. ತಾನು ಎತ್ತಿಕೊಂಡ ಮೊದಲ ಕೂಸು ತನ್ನದೇ ಆಗಿರುವ ತಾಯಂದಿರು ಇಂದು ಅಪರೂಪವಲ್ಲ. ಹೀಗಾಗಿ ಪುಸ್ತಕವು ಬಾಣಂತಿಯ ಕೋಣೆಯನ್ನು ಪ್ರವೇಶಿಸಿದೆ. ಪ್ರವೇಶಿಸಿದ್ದು ಒಳ್ಳೆಯದೇ. ಆದರೆ ಯಾವ ಪುಸ್ತಕವೆಂಬುದು ಸುಲಭವಾದ ಪ್ರಶ್ನೆಯಲ್ಲ.

ನಾನು ಈ ವಿಷಯಕ್ಕೆ ಕೈಹಾಕಿದ್ದಕ್ಕೆ ಕಾರಣವನ್ನು ಹೇಳಿಬಿಡುವುದು ಲೇಸು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಿ.ಎ. ಓದುವವನಿಗೆ ತಿಳಿಯದ ವಿಷಯವೇ ಇಲ್ಲವೆಂಬುದು ಮನೆಯವರ ದೃಢವಾದ ನಂಬಿಕೆ. ಜಮೀನಿನ ಪಹಣಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲವೂ ನನ್ನ ಮುಂದೆ ಬರುತ್ತವೆ. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರವೆಂದರೆ ಯಾರೂ ಕೇಳುವುದಿಲ್ಲ. ಏಳನೆಯ ತರಗತಿಗೆ ಓದು ಬಿಟ್ಟ ನನ್ನ ಅಕ್ಕ ಈ ವರ್ಷ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, "ಕೂಸು ಸಾಕೋ ಪುಸ್ತಕ ಯಾವ್ದಾದ್ರೂ ಇದ್ರೆ ತಗೊಂಡು ಬಾರೋ, ಕೂತ್ಕೊಂಡು ಓದ್ತೀನಿ" ಎಂದಳು. ಒಳಗಿನಿಂದ ಅಜ್ಜಿ, "ನಾನು ಏಳು ಹೆತ್ತು ಸಾಕಿದ್ದು ಪುಸ್ತಕ ನೋಡ್ಕೊಂಡಲ್ಲ" ಎಂದಳು. ಆ ಏಳರಲ್ಲಿ ಉಳಿದದ್ದು ನಾಲ್ಕು ಎಂಬುದನ್ನು ಅಜ್ಜಿಯೇ ಬೇರೊಂದು ಹೊತ್ತಿನಲ್ಲಿ ನನಗೆ ಹೇಳಿದ್ದುಂಟು. ಆದಕಾರಣ ಈ ಕೆಲಸವನ್ನು ಹಗುರವಾಗಿ ಎಣಿಸಲು ನನ್ನಿಂದಾಗಲಿಲ್ಲ.

ಜಿಲ್ಲಾ ಕೇಂದ್ರದ ಪುಸ್ತಕದಂಗಡಿಯಲ್ಲಿ ಈ ಬಗೆಯ ಪುಸ್ತಕಗಳಿಗೆ ಒಂದು ಇಡೀ ಸಾಲೇ ಇದೆ. ಅದರಲ್ಲಿ ಮಗುವಿಗೆ ಹೆಸರಿಡುವ ಪುಸ್ತಕಗಳೇ ಹೆಚ್ಚು. ಹುಟ್ಟುವ ಮುನ್ನವೇ ಮಗುವನ್ನು ಮೇಧಾವಿಯನ್ನಾಗಿ ಮಾಡುವ ಉಪಾಯ ಹೇಳುವವು ಅದರ ನಂತರ. ಇವೆರಡನ್ನೂ ಬಿಟ್ಟರೆ ಉಳಿಯುವುದು ದಪ್ಪನಾದ ಕೆಲವು ಇಂಗ್ಲಿಷ್ ಪುಸ್ತಕಗಳು ಮತ್ತು ಕನ್ನಡದ ತೆಳ್ಳನೆಯ ಕೆಲವು ಪುಸ್ತಕಗಳು. ಮೊದಲೆರಡು ಬಗೆಗಳ ವಿಚಾರ ಇಲ್ಲಿ ಬೇಡ. ಅವು ತಾಯಿಗಿಂತ ಹೆಚ್ಚಾಗಿ ನೆಂಟರಿಷ್ಟರಿಗಾಗಿ ಬರೆದವು.

ಪುಸ್ತಕವನ್ನು ಕೈಗೆತ್ತಿಕೊಂಡ ಕೂಡಲೆ ನೋಡಬೇಕಾದುದು ಮುಖಪುಟದ ಮುದ್ದು ಮಗುವನ್ನಲ್ಲ, ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಇಸವಿಯನ್ನು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ಸಹಜವಾಗಿ ತೋರಿತು; ಆದರೆ ಇದರ ಮಹತ್ವ ಎಷ್ಟೆಂಬುದು ತಿಳಿದದ್ದು ಬೆಂಜಮಿನ್ ಸ್ಪಾಕ್ ಎಂಬ ಅಮೆರಿಕದ ಮಕ್ಕಳ ವೈದ್ಯರ ಪುಸ್ತಕದ ಕಥೆಯನ್ನು ಓದಿದ ಮೇಲೆ. ಅವರಿಗಿಂತ ಮೊದಲು ಅಲ್ಲಿ ಪ್ರಭಾವಶಾಲಿಯಾಗಿದ್ದವರು ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು. ಮಗುವನ್ನು ಅಪ್ಪಿ ಮುದ್ದಿಡಬಾರದು, ಬೆಳಿಗ್ಗೆ ಅದರ ಕೈಕುಲುಕಿದರೆ ಸಾಕು ಎಂಬಂತಹ ಉಪದೇಶವನ್ನು ಅವರು 1928ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಮಾಡಿದ್ದರು. ನಮ್ಮ ಅಜ್ಜಿಗೆ ಇದನ್ನು ಹೇಳಿದಾಗ, ಆ ಮನುಷ್ಯನಿಗೆ ಮಕ್ಕಳಿದ್ದುವೇ ಎಂದು ಕೇಳಿದಳು. ಇದ್ದುವು. 1946ರಲ್ಲಿ ಸ್ಪಾಕ್ ಅವರ ಪುಸ್ತಕ ಹೊರಬಂದು, ತಾಯಿಯಾದವಳು ತನ್ನ ಬುದ್ಧಿಯನ್ನೂ ಪ್ರೀತಿಯನ್ನೂ ನಂಬಬಹುದೆಂದು ಹೇಳಿತು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದುವು.

ಇಷ್ಟು ಒಳ್ಳೆಯ ಪುಸ್ತಕದಲ್ಲಿಯೇ ಒಂದು ತಪ್ಪು ಸೇರಿಕೊಂಡಿತು. ಅಂಗಾತ ಮಲಗಿದ ಮಗು ವಾಂತಿ ಮಾಡಿದರೆ ಉಸಿರು ಕಟ್ಟಬಹುದೆಂಬ ಊಹೆಯಿಂದ, ಮಗುವನ್ನು ಬೋರಲಾಗಿ ಮಲಗಿಸುವುದು ಮೇಲೆಂದು 1950ರ ದಶಕದ ಆವೃತ್ತಿಯಲ್ಲಿ ಬರೆಯಲಾಯಿತು. ಊಹೆಯು ಕೇಳುವುದಕ್ಕೆ ಸಮಂಜಸವಾಗಿಯೇ ಇದೆ. ಆದರೆ ಬೋರಲು ಮಲಗಿದ ಶಿಶುಗಳು ನಿದ್ರೆಯಲ್ಲಿಯೇ ಹಠಾತ್ತಾಗಿ ಸಾಯುವುದು ಹೆಚ್ಚೆಂದು ಮುಂದೆ ಸಿದ್ಧವಾಯಿತು. 1970ರ ವೇಳೆಗೇ ಇದಕ್ಕೆ ಸಾಕಷ್ಟು ಪುರಾವೆ ಇದ್ದಿತೆಂದು 2005ರಲ್ಲಿ ಪ್ರಕಟವಾದ ವಿಮರ್ಶೆಯೊಂದು ತೋರಿಸಿಕೊಟ್ಟಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಬೋರಲು ಮಲಗಿಸಬೇಡಿರೆಂದು ಹೇಳಿದ್ದು 1992ರಲ್ಲಿ. 1994ರಿಂದ ಅಲ್ಲಿ ದೊಡ್ಡ ಪ್ರಚಾರ ನಡೆದು, ಅಂತಹ ಸಾವುಗಳು ಸುಮಾರು ಅರ್ಧಕ್ಕೆ ಇಳಿದುವು. ಸ್ಪಾಕ್ ಅವರ ಪುಸ್ತಕವನ್ನೂ ತಿದ್ದಲಾಯಿತು. ಆದರೆ ಹಳೆಯ ಪ್ರತಿಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲವಷ್ಟೆ. ಹಳೆಯ ಪುಸ್ತಕದಂಗಡಿಗಳಲ್ಲಿ ಅವು ಇಂದಿಗೂ ಅಗ್ಗವಾಗಿ ಸಿಕ್ಕುತ್ತವೆ. ತೊಟ್ಟಿಲಲ್ಲಿ ಕೂಸನ್ನು ಅಂಗಾತ ಮಲಗಿಸುವ ನಮ್ಮ ಅಜ್ಜಿಯಂದಿರು ಈ ಒಂದು ವಿಷಯದಲ್ಲಿ ಅಮೆರಿಕದ ಪುಸ್ತಕಕ್ಕಿಂತ ಮುಂದಿದ್ದರೆಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಲಸಿಕೆಗಳ ಪಟ್ಟಿಯೂ ಇದೇ ರೀತಿ ಬದಲಾಗುತ್ತದೆ. ಒಂಬತ್ತನೆಯ ತಿಂಗಳಿಗೆ ಬರಿಯ ದಡಾರದ ಲಸಿಕೆಯೆಂದು ಬರೆದಿದ್ದರೆ ಅದು ಹಳೆಯ ಪಟ್ಟಿ. ಕರ್ನಾಟಕದಲ್ಲಿ 2017ರಿಂದ ದಡಾರ ಮತ್ತು ರುಬೆಲ್ಲಾಗಳಿಗೆ ಸೇರಿಸಿ ಒಂದೇ ಲಸಿಕೆ ಬಂದಿದೆ. ಮಗುವಿನ ತೂಕದ ನಕ್ಷೆಯನ್ನೂ ನೋಡಬೇಕು. 2006ಕ್ಕೆ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯು ಬಳಸುತ್ತಿದ್ದ ನಕ್ಷೆಯು ಹೆಚ್ಚಾಗಿ ಬಾಟಲಿ ಹಾಲು ಕುಡಿದ ಅಮೆರಿಕದ ಮಕ್ಕಳನ್ನು ಆಧರಿಸಿತ್ತು. ಅದರ ಪಕ್ಕದಲ್ಲಿಟ್ಟು ನೋಡಿದರೆ, ಎದೆಹಾಲು ಕುಡಿದು ಚೆನ್ನಾಗಿಯೇ ಬೆಳೆಯುತ್ತಿರುವ ಮಗುವೂ ಕೆಲವು ತಿಂಗಳಾದ ಮೇಲೆ ಹಿಂದೆ ಬಿದ್ದಂತೆ ಕಾಣುತ್ತಿತ್ತು. ಹಾಲು ಸಾಲದೆಂದು ತಾಯಿ ಹೆದರುತ್ತಿದ್ದಳು. 2006ರ ಹೊಸ ನಕ್ಷೆಯು ಎದೆಹಾಲು ಕುಡಿದ ಮಕ್ಕಳನ್ನು ಆರು ದೇಶಗಳಲ್ಲಿ ಅಳೆದು ಮಾಡಿದ್ದು. ಆ ಆರರಲ್ಲಿ ಭಾರತವೂ ಒಂದು.

ಹಾಲಿನ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಪುಕ್ಕಟೆಯಾಗಿ ಬರುವ ಬಣ್ಣದ ಪುಸ್ತಿಕೆಯನ್ನು ಯಾರು ಅಚ್ಚುಹಾಕಿಸಿದ್ದಾರೆಂಬುದನ್ನು ಮೊದಲು ನೋಡಬೇಕು. ಹಾಲಿನ ಪುಡಿ ಮಾರುವವನು ಎದೆಹಾಲಿನ ಬಗೆಗೆ ಬರೆದರೆ ಅದರ ಧ್ವನಿ ಹೇಗಿರಬಹುದೆಂದು ಅರ್ಥಶಾಸ್ತ್ರ ಓದಿದವರಿಗೆ ಹೇಳಬೇಕಾದುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ 1992ರ ಕಾಯಿದೆಯೊಂದಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಎದೆಹಾಲಿಗೆ ಬದಲಾಗಿ ಕೊಡುವ ಹಾಲು, ಹಾಲೂಡಿಸುವ ಬಾಟಲಿ ಮತ್ತು ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರಗಳ ಜಾಹೀರಾತನ್ನೂ, ತಾಯಂದಿರಿಗೆ ಅವುಗಳ ಮಾದರಿ ಅಥವಾ ಉಡುಗೊರೆ ಹಂಚುವುದನ್ನೂ ಅದು ನಿಷೇಧಿಸುತ್ತದೆ. ಅಷ್ಟೇ ಅಲ್ಲ, ಗರ್ಭಿಣಿಯರಿಗೆ ಮತ್ತು ತಾಯಂದಿರಿಗೆ ಶಿಶುವಿನ ಆಹಾರದ ಬಗೆಗೆ ತಿಳಿವಳಿಕೆ ನೀಡುವ ಯಾವ ಬರಹವೇ ಆಗಲಿ, ಎದೆಹಾಲಿನ ಮೇಲ್ಮೆಯನ್ನೂ ಬಾಟಲಿಯ ಕೆಡುಕನ್ನೂ ಸ್ಪಷ್ಟವಾಗಿ ಹೇಳಲೇಬೇಕೆಂದು ವಿಧಿಸುತ್ತದೆ. ಆದುದರಿಂದ ಕೊಳ್ಳುವವರು ಆ ಒಂದು ಅಧ್ಯಾಯವನ್ನು ಅಂಗಡಿಯಲ್ಲಿ ನಿಂತೇ ಓದಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಅದೊಂದೇ, ಅನಂತರ ಇತರ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಎಂದಿದ್ದರೆ ಸರಿ. ನಾಲ್ಕನೆಯ ತಿಂಗಳಿಗೇ ಗಂಜಿ, ಹಣ್ಣಿನ ರಸ ಎಂದಿದ್ದರೆ ಪುಸ್ತಕವನ್ನು ಇದ್ದಲ್ಲಿಯೇ ಇಡಬೇಕು.

ಹೊಸದಾದ, ಪ್ರಾಮಾಣಿಕವಾದ ಇಂಗ್ಲಿಷ್ ಪುಸ್ತಕವೂ ನಮ್ಮ ಮನೆಗೆ ಹೊಂದದಿರುವುದುಂಟು. ಅದರಲ್ಲಿ ಮಗುವಿನ ಕೋಣೆಗೆ ಯಾವ ಬಣ್ಣ, ಕಾರಿನಲ್ಲಿ ಮಗುವಿಗೆ ಎಂತಹ ಪೀಠ ಎಂದೆಲ್ಲ ಇರುತ್ತದೆ. ನಮ್ಮ ಮನೆಯ ಪ್ರಶ್ನೆಗಳು ಬೇರೆ. ಎಣ್ಣೆ ಹಚ್ಚಿ ಕಾಲಮೇಲೆ ಹಾಕಿಕೊಂಡು ಎರೆಯಬಹುದೆ? ಮೂಗು ಕಿವಿಗಳಿಗೆ ಎಣ್ಣೆ ಬಿಡಬಹುದೆ? ಸಾಂಬ್ರಾಣಿಯ ಹೊಗೆ ಹಾಕಬಹುದೆ? ಬಜೆ ತೇಯ್ದು ನೆಕ್ಕಿಸಬಹುದೆ? ಜೇನುತುಪ್ಪ? ಕಾಡಿಗೆ? ಇವಕ್ಕೆ ಒಂದೊಂದಾಗಿ ಉತ್ತರ ಹೇಳದ ಪುಸ್ತಕವು ಅಕ್ಕನಿಗೆ ಬೇಕಾದ ಪುಸ್ತಕವಲ್ಲ. ಹದವಾಗಿ ಎಣ್ಣೆ ನೀವುವುದರಲ್ಲಿ ದೋಷವಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಹೊಗೆಯು ಎಳೆಯ ಎದೆಗೆ ಒಳ್ಳೆಯದಲ್ಲ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಒಂದು ವರ್ಷದೊಳಗಿನ ಮಗುವಿಗೆ ನರಗಳನ್ನು ಸೋಲಿಸುವ ಕಾಯಿಲೆ ಬರಬಹುದು. ಕಾಡಿಗೆಯಲ್ಲಿ ಸೀಸ ಸೇರಿರುವುದುಂಟು. ಹೀಗೆ ಬಿಡಿಬಿಡಿಯಾಗಿ, ಯಾವುದು ಸರಿ ಯಾವುದು ಅಲ್ಲವೆಂದು ಕಾರಣಸಹಿತ ಹೇಳಿದರೆ ಹಿರಿಯರೂ ಕೇಳುತ್ತಾರೆ. ಎಲ್ಲವೂ ಮೂಢನಂಬಿಕೆಯೆಂದು ಒಂದೇ ಸಾಲಿನಲ್ಲಿ ತಳ್ಳಿಹಾಕುವ ಪುಸ್ತಕವನ್ನು ಅಜ್ಜಿಯಿರುವ ಮನೆಗೆ ಒಯ್ಯಬಾರದು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ನಮ್ಮ ಕಡೆ ಮೊನ್ನೆ ಮೊನ್ನೆಯವರೆಗೂ ಇದ್ದ ಪದ್ಧತಿ. ಎಮ್ಮೆ ಕರು ಹಾಕಿದರೆ ಗಿಣ್ಣನ್ನು ಬೆಲ್ಲ ಹಾಕಿ ಕಾಯಿಸಿ ಊರಿಗೆಲ್ಲ ಹಂಚಿ ತಿನ್ನುವ ನಾವು, ನಮ್ಮ ಕೂಸಿನ ಪಾಲಿನ ಗಿಣ್ಣನ್ನು ಮಾತ್ರ ಚೆಲ್ಲುವುದೇಕೆಂದು ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಬಾಣಂತಿಯ ಪಥ್ಯದ ವಿಷಯ ಇನ್ನೂ ಗಂಭೀರವಾದುದು. ನೀರು ಹೆಚ್ಚು ಕುಡಿಯಬಾರದು, ಬೇಳೆ ಬೇಡ, ಸೊಪ್ಪು ತರಕಾರಿ ಬೇಡ, ಬಿಳಿಯ ಅನ್ನ, ಮೆಣಸಿನ ಸಾರು, ತುಪ್ಪ ಇಷ್ಟೇ ಎಂಬ ಪಥ್ಯ ಅನೇಕ ಮನೆಗಳಲ್ಲಿ ನಡೆಯುತ್ತದೆ. ಚೆನ್ನಾಗಿ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬಹಳ ಕಡಮೆ. ತಾಯಿಯ ಆಹಾರದಲ್ಲಿ ಅದು ಇಲ್ಲವಾದರೆ ಎದೆಹಾಲಿನಲ್ಲಿಯೂ ಇಲ್ಲವಾಗುತ್ತದೆ. ಆಗ ಎರಡು ಮೂರು ತಿಂಗಳ, ಅದುವರೆವಿಗೂ ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ, ಹೃದಯ ಸೋತು ಆಸ್ಪತ್ರೆ ಸೇರುತ್ತದೆ. ಕರ್ನಾಟಕದ ವೈದ್ಯರೇ ಇಂತಹ ಶಿಶುಗಳನ್ನು ಕಂಡು ವರದಿ ಮಾಡಿದ್ದಾರೆ. ಕಾರಣ ತಿಳಿದು ಥಯಮಿನ್ ಕೊಟ್ಟರೆ ಬೇಗನೆ ಚೇತರಿಸಿಕೊಳ್ಳುತ್ತವೆ, ತಿಳಿಯದಿದ್ದರೆ ಜೀವಕ್ಕೇ ಅಪಾಯ. ಬೇಳೆ, ಕಾಳು, ರಾಗಿಗಳನ್ನು ತಿನ್ನುವ ಬಾಣಂತಿಗೆ ಈ ಭಯ ಬಹಳ ಕಡಮೆ. ಹೊರದೇಶದ ಯಾವ ದಪ್ಪ ಪುಸ್ತಕದಲ್ಲಿ ನಮ್ಮ ಮೆಣಸಿನ ಸಾರಿನ ಪಥ್ಯ ಸಿಕ್ಕೀತು? ಹಾಗಾಗಿ ನಾನು ಪ್ರತಿ ಪುಸ್ತಕದಲ್ಲಿಯೂ ಮೊದಲು ತೆಗೆದು ನೋಡಿದ್ದು ಬಾಣಂತಿಯ ಊಟದ ಅಧ್ಯಾಯವನ್ನು.

ಕನ್ನಡದಲ್ಲಿ ಈ ದಾರಿಯನ್ನು ತೆರೆದವರಲ್ಲಿ ಡಾ. ಅನುಪಮಾ ನಿರಂಜನ ಅವರ ಹೆಸರನ್ನು ಹೇಳಲೇಬೇಕು. ಕಾದಂಬರಿಕಾರ್ತಿಯೂ ವೈದ್ಯೆಯೂ ಆಗಿದ್ದ ಅವರ 'ತಾಯಿ ಮಗು' ಎಷ್ಟೋ ಮನೆಗಳಲ್ಲಿ ಓದಿಸಿಕೊಂಡ ಪುಸ್ತಕ. ವೈದ್ಯಕೀಯವನ್ನು ಮನೆಮಾತಿನಲ್ಲಿ ಹೇಳುವ ಕಲೆ ಅವರಿಗಿತ್ತು. ಇಂದು ಬರುತ್ತಿರುವ ಕೆಲವು ಅನುವಾದಗಳಲ್ಲಿ ಒಂದು ವಾಕ್ಯವನ್ನು ಮೂರು ಬಾರಿ ಓದಬೇಕಾಗುತ್ತದೆ. ಆದರೆ ಅವರು 1991ರಲ್ಲಿ ತೀರಿಕೊಂಡರು. ನಾನು ಮೇಲೆ ಹೇಳಿದ ಲಸಿಕೆ, ತೂಕದ ನಕ್ಷೆ ಇವೆಲ್ಲ ಆ ಬಳಿಕ ಬಂದವು. ಆದ್ದರಿಂದ ಅಂತಹ ಪುಸ್ತಕವನ್ನು ಓದುವವರ ಕೈಯಲ್ಲಿ ಇನ್ನೊಂದು 'ಪುಸ್ತಕ'ವೂ ಇರಬೇಕು. ಅದಕ್ಕೆ ಬೆಲೆಯಿಲ್ಲ, ಅಂಗಡಿಯಲ್ಲಿ ಸಿಕ್ಕುವುದೂ ಇಲ್ಲ. ಅದೇ ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡು. ಮನೆಗಳಲ್ಲಿ ಅದನ್ನು ಪಡಿತರ ಚೀಟಿಯೊಡನೆ ಟ್ರಂಕಿನಲ್ಲಿಟ್ಟು, ಆಸ್ಪತ್ರೆಗೆ ಹೋಗುವಾಗ ಮಾತ್ರ ತೆಗೆಯುತ್ತಾರೆ. ಲಸಿಕೆಗಳ ಪಟ್ಟಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆಬೇರೆಯಾದ ತೂಕದ ನಕ್ಷೆ, ಯಾವ ತಿಂಗಳಿಗೆ ಮಗು ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ನೂರಾರು ರೂಪಾಯಿಯ ಕೆಲವು ಪುಸ್ತಕಗಳಿಗಿಂತ ಅದು ಮೇಲು.

ತಾಯಿಯ ಮನಸ್ಸಿನ ಬಗೆಗೆ ಒಂದು ಅಧ್ಯಾಯವಾದರೂ ಇದೆಯೇ ಎಂದು ನೋಡುವುದು ಅಗತ್ಯ. ಹೆರಿಗೆಯಾದ ಮೇಲೆ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ಮೀರಿಯೂ ನಿದ್ದೆ ಬಾರದೆ, ಮಗುವಿನ ಮೇಲೆ ಮನಸ್ಸು ನಿಲ್ಲದೆ ಹೋದರೆ ಅದು ಕಾಯಿಲೆ, ಅದಕ್ಕೆ ಔಷಧವಿದೆ. ಊರಲ್ಲಿ ಇದಕ್ಕೆ ಗಾಳಿ ಸೋಕಿತೆಂದು ಹೆಸರಿಟ್ಟು ಅಂತ್ರ ಕಟ್ಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇಂತಹ ತಾಯಂದಿರನ್ನು ಕೂಸಿನ ಸಮೇತ ಇಟ್ಟುಕೊಂಡು ಚಿಕಿತ್ಸೆ ಮಾಡುವ ವಿಭಾಗವು 2009ರಿಂದ ಇದೆ; 2022ರಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಪುಕ್ಕಟೆಯಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಅಕ್ಷರದ ಗಾತ್ರ ಮತ್ತು ಕೊಡುವ ಸಮಯ. ಬಾಣಂತಿ ಓದಿದರೆ ಕಣ್ಣು ಕೆಡುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲದಿದ್ದರೂ, ರಾತ್ರಿಯೆಲ್ಲ ಎಚ್ಚರವಿರುವವಳಿಗೆ ಓದಲು ಪುರಸತ್ತಿರುವುದಿಲ್ಲ. ಆದುದರಿಂದ ಪುಸ್ತಕವನ್ನು ಏಳನೆಯ ತಿಂಗಳೊಳಗೇ ಕೊಡಬೇಕು, ಅಕ್ಷರ ದೊಡ್ಡದಿರಬೇಕು, ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಲು ಬರುವಂತಿರಬೇಕು. ಕೊಳ್ಳಲಾಗದವರು ತಮ್ಮೂರಿನ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಕೇಳಬಹುದು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕ ಎಷ್ಟು ಬೇಕಾದರೂ ಇವೆ. ನಮ್ಮೂರಿನ ಕೇಂದ್ರದಲ್ಲಿ ಶಿಶುಪಾಲನೆಯ ಪುಸ್ತಕ ಒಂದೂ ಇರಲಿಲ್ಲ. ಹೆಸರುಗಳನ್ನು ಬರೆದುಕೊಟ್ಟು ಬಂದಿದ್ದೇನೆ, ಮುಂದಿನ ಖರೀದಿಯಲ್ಲಿ ಸೇರಿಸುವುದಾಗಿ ಹೇಳಿದ್ದಾರೆ. ನಮ್ಮ ಕಾಲೇಜಿನ ಗ್ರಂಥಭಂಡಾರದ ಸಲಹಾ ಪುಸ್ತಕದಲ್ಲಿಯೂ ಅದೇ ಹೆಸರುಗಳನ್ನು ಬರೆದಿದ್ದೇನೆ. ಕೆಳಗೆ ಇನ್ನೂ ಜಾಗವಿದೆ. ಮನೆಯಲ್ಲಿ ಅಕ್ಕತಂಗಿಯರಿರುವ ಸಹಪಾಠಿಗಳು ಹೋಗಿ ಸಹಿ ಹಾಕಬಹುದು.